ಸಂಸ್ಕಾರವಂತ ಮಿಕ್ಸರ್

ಮೂಡಲಗಿಯ ಧನಪಾಲಣ್ಣ ಮಗಳಿಗೆ ವರನನ್ನು ಒಪ್ಪಿಕೊಂಡದ್ದು ಒಂದು ಬಟ್ಟಲು ಚಹಾ ಆರುವುದರೊಳಗೆ. ಅದೇ ಮಗಳ ಮದುವೆಯ ಮೆರವಣಿಗೆಗೆ ಸಿ.ಡಿ. ಪ್ಲೇಯರ್ ಮತ್ತು ಮಿಕ್ಸರ್ ಒಪ್ಪಿಕೊಳ್ಳಲು ಅವರಿಗೆ ಎರಡು ತಿಂಗಳು ಹಿಡಿಯಿತು. ಈ ಲೆಕ್ಕ ನನ್ನದಲ್ಲ, ಅವರ ಹೆಂಡತಿ ರಾಜಮತಿ ಅಕ್ಕನದು. ಬೆಳಿಗ್ಗೆ ಬಸದಿಗೆ ಹೋಗಿ ಬರುವಾಗ ನಾವಿಬ್ಬರೂ ಜೊತೆ. ದಾರಿಯುದ್ದಕ್ಕೂ ಆಕೆ ಹೇಳುತ್ತಾಳೆ, ನಾನು ಕೇಳುತ್ತೇನೆ. ಮನೆಯಲ್ಲಿ ಆಕೆಗೆ ಮಾತಾಡಲು ಸಂದು ಸಿಗುವುದು ಕಡಿಮೆ ಎಂಬುದು ಓಣಿಗೆಲ್ಲ ಗೊತ್ತಿದ್ದ ವಿಷಯ.

ಧನಪಾಲಣ್ಣನದು ಮೈಕ್ ಸೆಟ್ಟಿನ ಕಸುಬು. ಬಸದಿಯ ಹಿಂದಿನ ಓಣಿಯಲ್ಲಿ ಹಲಗೆ ಬಾಗಿಲಿನ ಒಂದು ಖೋಲಿ. ಅದರೊಳಗೆ ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್, ತುತ್ತೂರಿಯಾಕಾರದ ಸ್ಪೀಕರುಗಳು, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಮೈಕುಗಳು. ಪೂಜೆ, ಪ್ರವಚನ, ಮದುವೆ, ಸೊಸೈಟಿಯ ಚುನಾವಣೆ, ಎಲ್ಲಕ್ಕೂ ಅವರದೇ ಸೆಟ್ಟು. ಮೈಕೆಂದರೆ ಬಸದಿಯ ಗಂಟೆ ಇದ್ದ ಹಾಗೆ, ಕಂಡವರೆಲ್ಲ ಮುಟ್ಟುವ ವಸ್ತುವಲ್ಲ ಎಂದು ಅವರು ನಂಬಿದ್ದರು. ಮೊದಲು ಹಿರಿಯರು, ಆಮೇಲೆ ಪಂಚರು, ಆಮೇಲೆ ಉಳಿದ ಗಂಡಸರು. ಹೆಂಗಸರ ಸರದಿ ಆ ಸಾಲಿನಲ್ಲಿ ಎಲ್ಲಿ ಬರುತ್ತದೆಂದು ಯಾರೂ ಕೇಳಿರಲಿಲ್ಲ, ಆದ್ದರಿಂದ ಅವರು ಹೇಳಿಯೂ ಇರಲಿಲ್ಲ. ರಾಜಮತಿ ಅಕ್ಕನ ಪಾಲಿಗೆ ಬಂದದ್ದು ವಾಯರು. ಕಾರ್ಯಕ್ರಮ ಮುಗಿದ ಮೇಲೆ ಮೈಕಿನ ಪಿನ್ನು ಬಿಚ್ಚಿ, ವಾಯರನ್ನು ಅಂಗೈ ಮತ್ತು ಮೊಳಕೈಗಳ ನಡುವೆ ಸುತ್ತಿ, ಗಂಟು ಬೀಳದಂತೆ ಕಟ್ಟಿಡುವುದು ಆಕೆಯ ಕೆಲಸ. ಮದುವೆಯಾಗಿ ಬಂದಂದಿನಿಂದ ಮೈಕು ಆಕೆಯ ಕೈಯಲ್ಲೇ ಇತ್ತು. ಬಾಯಿಯ ಹತ್ತಿರ ಒಮ್ಮೆಯೂ ಬಂದಿರಲಿಲ್ಲ.

ಎರಡು ಸಾವಿರದ ನಾಲ್ಕನೇ ಇಸವಿಯ ಚಳಿಗಾಲದಲ್ಲಿ ಮಗಳು ಶ್ರದ್ಧಾಳಿಗೆ ಹುಕ್ಕೇರಿ ತಾಲೂಕಿನ ಹತ್ತರಗಿಯಿಂದ ಸಂಬಂಧ ಬಂತು. ವರನ ಹೆಸರು ಅಭಿನಂದನ, ಹೆದ್ದಾರಿಯ ಬಾಜೂ ಗೊಬ್ಬರದ ಅಂಗಡಿ ಇಟ್ಟವನು. ಧನಪಾಲಣ್ಣ ಹೋಗಿ ಅವರ ಪಡಸಾಲೆಯಲ್ಲಿ ಕುಳಿತಾಗ ವರನ ತಂದೆ ಪಾಯಪ್ಪನವರು ಚಹಾ ಕುಡಿದರು, ಬಟ್ಟಲು ಕೆಳಗಿಟ್ಟರು, ಮೀಸೆ ಒರೆಸಿಕೊಂಡರು. ಒಂದು ಮಾತೂ ಆಡಲಿಲ್ಲ. ಮಾತೆಲ್ಲ ಅವರ ಅಣ್ಣಂದಿರದು. ಎಂಥ ಗಂಭೀರ ಮನುಷ್ಯ, ಇಂಥ ಮನೆ ಬಿಡಬಾರದು ಎಂದು ಧನಪಾಲಣ್ಣ ಅಲ್ಲೇ ತೀರ್ಮಾನಿಸಿಬಿಟ್ಟರು. ಎಲ್ಲ ಮುಗಿದು ಚಪ್ಪಲಿ ಮೆಟ್ಟುವಾಗ ವರನ ಗೆಳೆಯರ ಪರವಾಗಿ ಒಂದೇ ಒಂದು ಬೇಡಿಕೆ ಬಂತು. ಬೀಗರನ್ನು ಎದುರುಗೊಳ್ಳುವ ಮೆರವಣಿಗೆಯಲ್ಲಿ ಡಿ.ಜೆ. ಇರಬೇಕು.

ಬಾಡಿಗೆಗೆ ಡಿ.ಜೆ. ಸಿಗುತ್ತಿತ್ತು. ಆದರೆ ಸ್ವಂತ ಮೈಕ್ ಸೆಟ್ಟಿನವನು ಮಗಳ ಮದುವೆಗೆ ಬೇರೆಯವರ ಸೆಟ್ಟು ತರಿಸುವುದೆಂದರೆ ಪೇಢೆ ಮಾಡುವವನು ಸ್ವಂತ ಮನೆಯ ಹಬ್ಬಕ್ಕೆ ಪೇಟೆಯಿಂದ ಪೇಢೆ ತಂದ ಹಾಗೆ. ಧನಪಾಲಣ್ಣ ತಾವೇ ಡಿ.ಜೆ. ಕಟ್ಟುವುದಾಗಿ ಮಾತು ಕೊಟ್ಟು ಬಂದರು. ಶ್ರದ್ಧಾ ಅಪ್ಪನಿಗೆ ಎದುರಾಡುವವಳಲ್ಲ. ತಾಟು ಬಡಿಸುತ್ತ ಇಷ್ಟೇ ಹೇಳಿದಳಂತೆ:

“ಅಪ್ಪಾ, ಏನರ ತರ್ರಿ. ಅವರ ಊರಿನವರು ನಗಬಾರದ ನೋಡ್ರಿ. ನೀವು ಮರುದಿನ ಮನಿಗೆ ಬರ್ತೀರಿ, ಆ ಮಾತಿನ ಜೋಡಿ ಇರಾಕಿ ನಾನು.”

ಆ ಮಾತು ಧನಪಾಲಣ್ಣನಿಗೆ ನಾಟಿತು. ಮದುವೆಯಲ್ಲಿ ಉಪ್ಪು ಕಡಿಮೆಯಾದದ್ದನ್ನು ಮೊಮ್ಮಕ್ಕಳ ಕಾಲದವರೆಗೆ ಸೊಸೆಯ ತಲೆಗೆ ಕಟ್ಟುವವರು ನಮ್ಮ ಕಡೆಯ ಜನ.

ಮೊದಲು ಅವರು ಹುಕ್ಕೇರಿಗೆ ಹೋಗಿ ಯಾರದೋ ಮದುವೆಯ ಡಿ.ಜೆ. ನೋಡಿ ಬಂದರು. ಕಿವಿಗೆ ಅರಳೆ ಇಟ್ಟುಕೊಂಡು ನೋಡಿದರು. ಆ ಸೆಟ್ಟಿನ ಹುಡುಗ ಎರಡು ಪ್ಲೇಯರ್ ಇಟ್ಟುಕೊಂಡಿದ್ದ. ಒಂದರ ಹಾಡು ಮುಗಿಯುವ ಮೊದಲೇ ಇನ್ನೊಂದರ ಹಾಡು ಎಬ್ಬಿಸಿ, ನಡುವಿನ ಗುಂಡಿಯನ್ನು ಅಡ್ಡಕ್ಕೆ ಸರಿಸಿ ಎರಡನ್ನೂ ಬೆಸೆಯುತ್ತಿದ್ದ. ಬೆಸೆಯುವ ಆ ಪೆಟ್ಟಿಗೆಯೇ ಮಿಕ್ಸರ್. ಹಾಡಿಗೂ ಹಾಡಿಗೂ ನಡುವೆ ಉಸಿರು ಬಿಡುವಷ್ಟೂ ಜಾಗವಿಲ್ಲ. ಮೂವತ್ತು ವರ್ಷ ಭಜನೆಗೂ ಭಜನೆಗೂ ನಡುವೆ ಜನ ಕೆಮ್ಮಲೆಂದು, ಮಕ್ಕಳು ಮೂತ್ರಕ್ಕೆ ಎದ್ದು ಹೋಗಲೆಂದು ಜಾಗ ಬಿಟ್ಟವರು ಧನಪಾಲಣ್ಣ. ಮನೆಗೆ ಬಂದು, ಅದು ಸಂಗೀತವಲ್ಲ, ನೀರು ಬಿಟ್ಟು ಮರೆತುಹೋದ ನಳ ಎಂದರು. ಆದರೂ ಮಾತು ಕೊಟ್ಟಾಗಿತ್ತು.

ಗೋಕಾಕದ ಪೇಟೆಯಲ್ಲಿ ಶಿವಾನಂದ ಎಂಬವನ ಅಂಗಡಿಯಲ್ಲಿ ಇಂಥ ಸಾಮಾನು ಇತ್ತು. ಶಿವಾನಂದ ತಾಳ್ಮೆಯ ಹುಡುಗ. ಮೊದಲ ದಿನ ಅವನು ದೀಪಗಳು ಮಿನುಗುವ ಒಂದು ಪ್ಲೇಯರ್ ತೋರಿಸಿ, ಯಾವ ಹಾಡು ಹಚ್ಚಲಿ ಎಂದು ಕೇಳಿದ. ಧನಪಾಲಣ್ಣ ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಣಮೋಕಾರ ಮಂತ್ರದ ಸಿ.ಡಿ. ಕೊಟ್ಟರು. ಹೊಸ ಯಂತ್ರದ ಬಾಯಿಂದ ಮೊದಲು ಬರುವುದು ಮಂತ್ರವೇ ಆಗಬೇಕೆಂಬುದು ಅವರ ನೇಮ; ಜೊತೆಗೆ ಅವರಿಗೆ ಅಕ್ಷರ ಅಕ್ಷರ ಗೊತ್ತಿದ್ದ ಧ್ವನಿಮುದ್ರಣ ಅದೊಂದೇ. ಅಂಗಡಿಗೆ ಬಂದಿದ್ದ ಹುಡುಗರು ಎದೆಗೆ ಬಡಿಯುವ ಸದ್ದು ಹುಡುಕುತ್ತಿದ್ದರೆ, ಇವರು ಒಂದು ಪದಕ್ಕೂ ಇನ್ನೊಂದಕ್ಕೂ ನಡುವಿನ ಮೌನಕ್ಕೆ ಕಿವಿಗೊಟ್ಟು ನಿಂತರು. ಆ ಮೌನದಲ್ಲಿ ಸಣ್ಣಗೆ ಗುಂಯ್ ಎನ್ನುವುದು ಕೇಳಿದರೆ ತಲೆ ಅಲ್ಲಾಡಿಸಿ ಮತ್ತೊಂದು ತೆಗೆಸಿದರು. ಡಿ.ಜೆ. ಸಾಮಾನನ್ನು ಅದರ ಮೌನ ನೋಡಿ ಆರಿಸಿದವರು ಜಿಲ್ಲೆಯಲ್ಲಿ ಅವರೊಬ್ಬರೇ ಇರಬೇಕು.

ಮೌನದ ಪರೀಕ್ಷೆಯಲ್ಲಿ ಪಾಸಾದ ಪ್ಲೇಯರಿಗೆ ಎರಡನೆಯ ಪರೀಕ್ಷೆ ಕಾದಿತ್ತು. ಮೆರವಣಿಗೆಯಲ್ಲಿ ಅದು ಕೂಡಬೇಕಾದದ್ದು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ, ಉರುಳಬೇಕಾದದ್ದು ಕಬ್ಬಿನ ಗಾಡಿಗಳು ತುಳಿದ ರಸ್ತೆಯಲ್ಲಿ. ಕ್ಯಾಸೆಟ್ಟಾದರೆ ಎಷ್ಟು ಕುಲುಕಿದರೂ ಹಾಡುತ್ತದೆ, ಸಿ.ಡಿ. ಹಾಗಲ್ಲ ಎಂದು ಯಾರೋ ಹೇಳಿದ್ದರು. ಧನಪಾಲಣ್ಣ ಅಂಗಡಿಯ ಮೇಜನ್ನು ಗುದ್ದಿದರು. ಸಿ.ಡಿ. ಹಾಡಿತು. ಇನ್ನೂ ಜೋರಾಗಿ ಗುದ್ದಿದರು. ಮೇಜಿನ ಮೇಲಿದ್ದ ಶಿವಾನಂದನ ಚಹಾ ಚೆಲ್ಲಿತು. ಆಗಲೂ ಸಮಾಧಾನವಾಗದೆ, ಮೂಡಲಗಿಯಿಂದ ಬೆಲ್ಲದ ಪೆಂಟೆ ತಂದು ಇಳಿಸಿ ಖಾಲಿ ಟ್ರಾಲಿಯೊಂದಿಗೆ ನಿಂತಿದ್ದ ಲಗಮಪ್ಪನನ್ನು ಕರೆದರು. ಲಗಮಪ್ಪ ಟ್ರ್ಯಾಕ್ಟರಿನ ಧಣಿ, ಮೊದಲಿನಿಂದಲೂ ಇವರ ಮೈಕ್ ಸೆಟ್ಟು ಹೊತ್ತು ತಿರುಗಿದವನು. ಪ್ಲೇಯರನ್ನು ಬ್ಯಾಟರಿಯೊಂದಿಗೆ ಟ್ರಾಲಿಯಲ್ಲಿಟ್ಟು, ಶಿವಾನಂದನನ್ನೂ ಹತ್ತಿಸಿ ಪೇಟೆಯ ಹಿಂದಿನ ಕಚ್ಚಾ ರಸ್ತೆಯಲ್ಲಿ ಒಂದು ಸುತ್ತು ಹೊಡೆದರು. ಮೊದಲ ತಗ್ಗಿನಲ್ಲೇ ಸಿ.ಡಿ. ಸಿಕ್ಕಿಹಾಕಿಕೊಂಡು ಮಂತ್ರದ ಒಂದೇ ಪದವನ್ನು ಮತ್ತೆ ಮತ್ತೆ ಹೇಳತೊಡಗಿತು.

“ಬಿಡ್ರಿ ಅಣ್ಣಾರ, ಇದನ್ನ ತಗೋರಿ,” ಎಂದ ಲಗಮಪ್ಪ ತಿರುಗಿ ನೋಡಿ. “ಒಂದ ಸಲ ಹಚ್ಚಿದ್ರ ಸಾಕು, ಜಪಾ ತಾನ ಮುಗಸತೈತಿ.”

ಹೀಗೆ ಜಪ ಮಾಡುವ ಪ್ಲೇಯರುಗಳೆಲ್ಲ ವಾಪಸು ಹೋದವು. ಎರಡು ತಿಂಗಳಲ್ಲಿ ಎಷ್ಟು ಸಲ ಗೋಕಾಕಕ್ಕೆ ಹೋದರೋ ಅವರಿಗೇ ನೆನಪಿಲ್ಲ. ಕೊನೆಗೆ ಒಂದೇ ಪೆಟ್ಟಿಗೆಯಲ್ಲಿ ಎರಡು ಸಿ.ಡಿ. ಹಾಕುವ ಜೋಡಿ ಪ್ಲೇಯರ್ ಗೆದ್ದಿತು. ಅದೂ ಸ್ವಂತ ಬಲದಿಂದಲ್ಲ. ರಾಜಮತಿ ಅಕ್ಕ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿದ ಮೇಲೆ. ಕೌದಿಯ ಮಾತು ಎತ್ತಿದ್ದು ಯಾರು ಎಂದು ಆಮೇಲೆ ಕೇಳಿದರೆ ಧನಪಾಲಣ್ಣ “ಹಿಂಗ ಹೊಳೀತು” ಎನ್ನುತ್ತಿದ್ದರು. ಹೇಳಿದವಳು ಯಾರೆಂದು ನನಗೆ ಬಸದಿಯ ದಾರಿಯಲ್ಲಿ ತಿಳಿಯಿತು.

ಮಿಕ್ಸರ್ ಮಾತ್ರ ಮೊದಲ ನೋಟಕ್ಕೇ ಮನಸ್ಸು ಗೆದ್ದಿತಂತೆ. ಶಿವಾನಂದ ಬೇರೆ ಬೇರೆ ಮಿಕ್ಸರುಗಳ ಗುಂಡಿ ಸರಿಸಿ, ಹಾಡು ಬೆಸೆದು, ಸದ್ದು ಏರಿಸಿ ಇಳಿಸಿ ಸುಸ್ತಾಗಿದ್ದ. ಹೊರಡುವ ಹೊತ್ತಿಗೆ ಮೂಲೆಯಲ್ಲಿದ್ದ ಒಂದನ್ನು ಜೋಡಿಸಿ, ಹಾಡು ಜೋರಾಗಿ ಹಚ್ಚಿ, ಮೈಕು ಹಿಡಿದು “ನಮಸ್ಕಾರ್ರಿ” ಎಂದ. ಯಾರೂ ಮುಟ್ಟದೆ ಹಾಡು ತಾನಾಗಿ ತಗ್ಗಿತು. ಮಾತು ನಿಲ್ಲಿಸಿದ. ಹಾಡು ತಾನಾಗಿ ಎದ್ದಿತು. ಧನಪಾಲಣ್ಣ ತಾವೇ ಮೈಕು ತೆಗೆದುಕೊಂಡು “ಹಲೋ” ಎಂದರು. ಅವರಿಗೂ ತಗ್ಗಿತು. ಕೆಮ್ಮಿದರು. ಕೆಮ್ಮಿಗೂ ತಗ್ಗಿತು.

“ಇದಕ್ಕ ಸಂಸ್ಕಾರ ಐತಿ ನೋಡು,” ಎಂದರು. “ಮನಷ್ಯಾ ಬಾಯಿ ತಗದ್ರ ತಲಿ ಬಗ್ಗಸತೈತಿ.”

ಬೇಡವಾದಾಗ ಇಗೋ ಈ ಕೆಂಪು ಗುಂಡಿ ಒತ್ತಿದರೆ ಹಾಡು ತಗ್ಗುವುದಿಲ್ಲ ಎಂದು ಶಿವಾನಂದ ತೋರಿಸಿದ. ಸಂಸ್ಕಾರ ಬೇಡವಾಗುವ ಹೊತ್ತು ಯಾವುದಿರುತ್ತದೆ ಎಂದು ಧನಪಾಲಣ್ಣ ಅದನ್ನು ಸರಿಯಾಗಿ ನೋಡಲೂ ಇಲ್ಲ. ಈ ಮಿಕ್ಸರಿನಲ್ಲಿ ಎದೆಗೆ ಬಡಿಯುವ ಸದ್ದು ಸ್ವಲ್ಪ ಕಡಿಮೆ ಎಂದು ಅವನು ಪ್ರಾಮಾಣಿಕವಾಗಿ ಹೇಳಿದ್ದೂ ಅವರ ದೃಷ್ಟಿಯಲ್ಲಿ ಇನ್ನೊಂದು ಗುಣವಾಯಿತು.

ಮನೆಗೆ ತಂದು, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಮಂತ್ರ ಕೇಳಿಸಿದರು. ಓಣಿಯವರೆಲ್ಲ ಬಂದು ನೋಡಿದರು. ಹಾಡು ತಗ್ಗುವುದನ್ನು ನೋಡಲು ಗಂಡಸರು ಒಬ್ಬೊಬ್ಬರಾಗಿ ಮೈಕಿನಲ್ಲಿ ತಮ್ಮ ಹೆಸರು ಹೇಳಿದರು. ರಾಜಮತಿ ಅಕ್ಕ ಬಾಗಿಲಲ್ಲಿ ನಿಂತು ನೋಡಿ, ಎಲ್ಲರೂ ಹೋದ ಮೇಲೆ ವಾಯರು ಸುತ್ತಿಟ್ಟಳು. ಆಗಲೇ ಆಕೆ ಆ ಚಹಾದ ಮಾತು ಹೇಳಿದ್ದು.

“ಮಿಕ್ಸರಿನ ಕುಲಾ ಗೋತ್ರಾ ಎಲ್ಲಾ ಕೇಳಿದ್ರಿ, ಕುಲುಕಿ ನೋಡಿದ್ರಿ. ಬೀಗರನ್ನ ಒಂದ ಬಟ್ಟಲ ಚಹಾದಾಗ ಒಪ್ಪಿ ಬಂದ್ರಿ. ಅವರನ್ನ ಮಾತಾಡಿಸಿರೇನು?”

“ಮಾತಾಡಿಸೂದೇನ ಬಂತು. ಅವರು ಮಾತಾಡೂ ಪೈಕಿ ಅಲ್ಲ,” ಎಂದರು ಧನಪಾಲಣ್ಣ, ಹೆಮ್ಮೆಯಿಂದ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೀಗರ ದಿಬ್ಬಣ ಬಂತು. ಊರ ಹೊರಗಿನ ಕ್ರಾಸಿನಿಂದ ಅವರನ್ನು ವಾದ್ಯದೊಂದಿಗೆ ಮಂಗಲ ಕಾರ್ಯಾಲಯಕ್ಕೆ ಕರೆತರಬೇಕು, ಬಾಗಿಲಲ್ಲಿ ಆರತಿ ಎತ್ತಬೇಕು, ಕೂಡಲೇ ಊಟಕ್ಕೆ ಕೂಡಿಸಬೇಕು. ಕೂಡಲೇ ಯಾಕೆಂದರೆ ನಮ್ಮ ಜೈನರಲ್ಲಿ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವಂತಿಲ್ಲ. ನೇಮದ ಹಿರಿಯರು ನೀರನ್ನೂ ಮುಟ್ಟುವುದಿಲ್ಲ. ಹತ್ತರಗಿಯ ಮನೆತನ ಆ ನೇಮದಲ್ಲಿ ನಮಗಿಂತ ಗಟ್ಟಿ. ಕಾರ್ಯಾಲಯದಲ್ಲಿ ಹೋಳಿಗೆ, ಕಟ್ಟಿನ ಸಾರು, ಅನ್ನ ಎಲ್ಲವೂ ಬಿಸಿಯಾಗಿ ಕಾದಿದ್ದವು. ಕ್ರಾಸಿನಿಂದ ಕಾರ್ಯಾಲಯಕ್ಕೆ ನಿಧಾನವಾಗಿ ನಡೆದರೂ ಅರ್ಧ ಗಂಟೆಯ ದಾರಿ. ಹೊತ್ತು ಬೇಕಾದಷ್ಟಿತ್ತು.

ಲಗಮಪ್ಪನ ಟ್ರಾಲಿಯ ಮೇಲೆ ಜನರೇಟರ್, ಸ್ಪೀಕರುಗಳು, ಕೌದಿಯ ಮೇಲೆ ಪ್ಲೇಯರ್, ಅದರ ಪಕ್ಕದಲ್ಲಿ ಮಿಕ್ಸರ್, ಅದರ ಹಿಂದೆ ಹೊಸ ಪೇಟ ಸುತ್ತಿದ ಧನಪಾಲಣ್ಣ. ಹಾಡು ಎದ್ದಿತು. ವರನ ಗೆಳೆಯರು ಕೈ ಮೇಲೆತ್ತಿದರು. ಆಗ ನಮ್ಮ ಪಂಚರಲ್ಲಿ ಹಿರಿಯರೊಬ್ಬರು ಮೈಕು ತೆಗೆದುಕೊಂಡು ದಿಬ್ಬಣಕ್ಕೆ ಸ್ವಾಗತ ಕೋರಿದರು. ಹಾಡು ತಲೆ ಬಗ್ಗಿಸಿತು. ಹುಡುಗರು ಎತ್ತಿದ ಕೈ ಇಳಿಸಿ ಕಾದರು. ಹಿರಿಯರು ಮುಗಿಸಿದರು, ಹಾಡು ಎದ್ದಿತು, ಕೈಗಳು ಎದ್ದವು. ಅಷ್ಟರಲ್ಲಿ ಹತ್ತರಗಿಯ ಕಡೆಯ ಹಿರಿಯರೊಬ್ಬರು ಸ್ವಾಗತಕ್ಕೆ ವಂದನೆ ಹೇಳಲು ಬಂದರು.

ಮೊದಲಾಗಿದ್ದರೆ ಮೆರವಣಿಗೆಯಲ್ಲಿ ಹಿರಿಯರ ಮಾತು ವಾದ್ಯದ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು; ಅವರು ಎರಡು ಮಾತಿಗೆ ಸಾಕು ಮಾಡುತ್ತಿದ್ದರು. ಈಗ ತಾವು ಬಾಯಿ ತೆರೆದೊಡನೆ ಡಿ.ಜೆ.ಯಂಥ ಡಿ.ಜೆ. ಸುಮ್ಮನಾಗುವುದನ್ನು ಅವರು ಕಂಡರು. ಸ್ವಂತ ಮಕ್ಕಳೇ ಮಾತು ಕೇಳದ ಕಾಲದಲ್ಲಿ ಅದು ಸಣ್ಣ ಸುಖವಲ್ಲ. ಮೈಕಿಗೆ ಸಾಲು ಹತ್ತಿತು. ಮಾತಿನ ಹೊತ್ತಿನಲ್ಲಿ ಗಾಡಿ ಮುಂದೆ ಹೋದರೆ ಮರ್ಯಾದೆಯಲ್ಲವೆಂದು ಲಗಮಪ್ಪ ಪ್ರತಿಸಲ ಬ್ರೇಕು ಒತ್ತಿದ. ಹುಡುಗರು ಕೈ ಎತ್ತುವುದು, ಇಳಿಸುವುದು ನೋಡಿದರೆ ಶಾಲೆಯ ಕವಾಯತಿನ ಹಾಗಿತ್ತು.

ಕಾರ್ಯಾಲಯ ಕಣ್ಣಿಗೆ ಕಾಣುವ ತಿರುವಿನಲ್ಲಿ ಪಾಯಪ್ಪನವರು ಮೈಕಿಗೆ ಕೈ ಚಾಚಿದರು. ಚಹಾ ಕುಡಿದು ಮೀಸೆ ಒರೆಸಿಕೊಂಡಿದ್ದ ಅದೇ ಗಂಭೀರ ಪಾಯಪ್ಪನವರು. ಧನಪಾಲಣ್ಣ ಎರಡೂ ಕೈಯಿಂದ ಕೊಟ್ಟರು. ಅಣ್ಣಂದಿರ ಮಾತಿನ ನಡುವೆ ಒಮ್ಮೆಯೂ ಸಂದು ಸಿಗದ ಆ ಮನುಷ್ಯ “ಎಲ್ಲರಿಗೂ ಜೈ ಜಿನೇಂದ್ರ” ಎಂದರು. ಹಾಡು ತಗ್ಗಿತು. ಅವರು ಒಂದು ಕ್ಷಣ ನಿಂತು ಮಿಕ್ಸರನ್ನು ನೋಡಿದರು. ಮತ್ತೆ ಮಾತಾಡಿದರು, ಅದು ತಗ್ಗಿಯೇ ಇತ್ತು. ಆಮೇಲೆ ಅವರು ನಿಲ್ಲಲಿಲ್ಲ. ಎರಡೂ ಊರುಗಳ ಸಂಬಂಧ ಅವರ ಮುತ್ತಜ್ಜನ ಕಾಲದ ಒಂದು ಎಮ್ಮೆಯ ವ್ಯಾಪಾರದಿಂದ ಶುರುವಾಗಿತ್ತು. ಎಮ್ಮೆಯಿಂದ ಅಜ್ಜನಿಗೆ ಬಂದರು, ಅಜ್ಜನಿಂದ ಬಾವಿಗೆ, ಬಾವಿಯಿಂದ ಅದರ ಪಾಲಿಗೆ. ಅವರ ಅಣ್ಣಂದಿರು ಬಾಯಿ ತೆರೆದುಕೊಂಡು ನಿಂತಿದ್ದರು. ತಮ್ಮನ ಧ್ವನಿ ಹೀಗಿದೆಯೆಂದು ಅವರಿಗೂ ಆಗಲೇ ಗೊತ್ತಾದ ಹಾಗಿತ್ತು.

ಕಬ್ಬಿನ ಹೊಲಗಳ ಮೇಲೆ ಸೂರ್ಯ ಒಂದು ಮಾರಿನಷ್ಟು ಉಳಿದಿದ್ದ.

ಧನಪಾಲಣ್ಣನ ಕಣ್ಣು ಕೆಂಪು ಗುಂಡಿಯ ಮೇಲೆ ಹೋಯಿತು. ಒತ್ತಿದರೆ ಹಾಡು ಎದ್ದು ಪಾಯಪ್ಪನವರ ಬಾವಿ, ಎಮ್ಮೆ ಎಲ್ಲವನ್ನೂ ಮುಳುಗಿಸುತ್ತದೆ, ಮೆರವಣಿಗೆ ಮುಂದೆ ಹೋಗುತ್ತದೆ, ಬೀಗರಿಗೆ ಊಟ ಸಿಗುತ್ತದೆ. ಆದರೆ ಬೀಗರ ಮಾತಿನ ಮೇಲೆ ಹಾಡು ಹಚ್ಚಿದ ಎಂಬ ಮಾತು ಮಗಳ ಜೊತೆ ಹತ್ತರಗಿಗೆ ಹೋಗುತ್ತದೆ. ಒತ್ತದಿದ್ದರೆ ಬೀಗರು ಉಪವಾಸ ಮಲಗುತ್ತಾರೆ. ಆ ಮಾತೂ ಮಗಳ ಜೊತೆಗೇ ಹೋಗುತ್ತದೆ. ಅವರ ಬೆರಳು ಗುಂಡಿಯವರೆಗೆ ಹೋಗಿ ತಿರುಗಿ ಬಂತು. ಇನ್ನೊಮ್ಮೆ ಹೋಗಿ ತಿರುಗಿ ಬಂತು. ಲಗಮಪ್ಪ ಸ್ಟೇರಿಂಗಿನ ಮೇಲೆ ಗಲ್ಲವಿಟ್ಟು ಪಡುವಣದ ಕಡೆ ನೋಡುತ್ತಿದ್ದ.

“ಅಣ್ಣಾರ,” ಎಂದ ಮೆಲ್ಲಗೆ, “ಸೂರ್ಯಾನ ಕೈಯಾಗೂ ಒಂದ ಮೈಕ್ ಕೊಟ್ಟಿದ್ರ ಅವನೂ ನಿಲ್ಲತಿದ್ದ ನೋಡ್ರಿ.”

ಕಾರ್ಯಾಲಯದ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ಹೆಂಗಸರಲ್ಲಿ ನಾನೂ ಇದ್ದೆ. ರಾಜಮತಿ ಅಕ್ಕ ಒಮ್ಮೆ ಒಳಗೆ ಹೋಗಿ ಸಾರಿನ ಪಾತ್ರೆ ಮುಟ್ಟಿ ನೋಡಿ ಬಂದಳು. ಒಮ್ಮೆ ಸೂರ್ಯನನ್ನು ನೋಡಿದಳು. ಆರತಿಯ ತಾಟನ್ನು ನನ್ನ ಕೈಗೆ ಕೊಟ್ಟು, ಸೆರಗು ತಲೆಯ ಮೇಲೆ ಸರಿಮಾಡಿಕೊಂಡು ರಸ್ತೆಯಲ್ಲಿ ನಡೆದೇಬಿಟ್ಟಳು. ಬೀಗತಿ ತಾವಾಗಿ ಎದುರಿಗೆ ಬರುವುದನ್ನು ಕಂಡು ಪಾಯಪ್ಪನವರು ಮಾತು ನಿಲ್ಲಿಸಿ ದೊಡ್ಡ ಮನಸ್ಸಿನಿಂದ ಹೇಳಿದರು:

“ಈಗ ನಮ್ಮ ಬೀಗತಿಯವರು ಎರಡ ಮಾತ ಹೇಳ್ತಾರ.”

ಹೇಳಿ ಮೈಕು ಕೊಟ್ಟರು. ಟ್ರಾಲಿಯ ಮೇಲೆ ಧನಪಾಲಣ್ಣನ ಕೈ ತಾನಾಗಿ ಮುಂದೆ ಬಂದು ಅರ್ಧದಲ್ಲಿ ನಿಂತಿತು. ಬೀಗರು ಕೊಟ್ಟ ಮೈಕನ್ನು ಕಸಿದುಕೊಳ್ಳುವುದು ಹೇಗೆ? ಈ ನಡುವೆ ಯಾರೂ ಮಾತಾಡದ್ದರಿಂದ ಹಾಡು ಜೋರಾಗಿ ಎದ್ದಿತ್ತು. ಹುಡುಗರು ನಂಬಿಕೆಯಿಲ್ಲದೆ ಕೈ ಅರ್ಧ ಎತ್ತಿದ್ದರು. ರಾಜಮತಿ ಅಕ್ಕ ಮೈಕನ್ನು ಬಾಯಿಯ ಹತ್ತಿರ ತಂದಳು.

“ಅಡಿಗಿ ಆಗೇತ್ರಿ,” ಎಂದಳು.

ಹಾಡು ತಗ್ಗಿತು. ಪಂಚರಿಗೆ ತಗ್ಗಿದಷ್ಟೇ ತಗ್ಗಿತು. ಯಂತ್ರಕ್ಕೆ ಯಾರ ಸರದಿ ಮೊದಲು, ಯಾರದು ಆಮೇಲೆ ಎಂಬುದನ್ನು ಯಾರೂ ಕಲಿಸಿರಲಿಲ್ಲ.

“ಹೊತ್ತ ಮುಣಗಾಕತ್ತೈತಿ. ಎಲ್ಲಾರೂ ಊಟಕ್ಕ ನಡೀರಿ.”

ಆಕೆಗೆ ಹೇಳುವುದು ಅಷ್ಟೇ ಇತ್ತು. ಹೇಳಿದ ಮೇಲೆ, ಮಾತು ಮುಗಿದ ಮೈಕನ್ನು ಏನು ಮಾಡಬೇಕೆಂದು ಆಕೆಯ ಕೈಗೆ ಗೊತ್ತಿದ್ದ ಹಾಗೆ, ಟ್ರಾಲಿಯ ಅಂಚಿಗೆ ಹೋಗಿ ಪಿನ್ನು ಬಿಚ್ಚಿದಳು. ವಾಯರನ್ನು ಅಂಗೈ, ಮೊಳಕೈಗಳ ನಡುವೆ ಸುತ್ತಿ ಗಂಟು ಬೀಳದಂತೆ ಕಟ್ಟಿದಳು. ಮೈಕನ್ನು ಕಂಕುಳಲ್ಲಿಟ್ಟುಕೊಂಡು ಬಂದ ದಾರಿಯಲ್ಲೇ ತಿರುಗಿ ಹೋದಳು.

ಇನ್ನು ಯಾರಿಗೂ ತಲೆ ಬಗ್ಗಿಸುವ ಕಾರಣವಿಲ್ಲದೆ ಹಾಡು ಎದ್ದಿತು. ಹುಡುಗರು ಕುಣಿದರು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೇಳುವುದಕ್ಕೆ ಮೈಕಿಲ್ಲದ್ದರಿಂದ ನಡೆದರು. ಲಗಮಪ್ಪ ಬ್ರೇಕಿನಿಂದ ಕಾಲು ತೆಗೆದ. ಪಾಯಪ್ಪನವರು ಬಾವಿಯ ಪಾಲಿನ ಉಳಿದ ಭಾಗವನ್ನು ಪಕ್ಕದಲ್ಲಿ ನಡೆಯುತ್ತಿದ್ದವರಿಗೆ ಹೇಳುತ್ತ ಬಂದರು. ಕೊನೆಯ ಪಂಕ್ತಿಯವರು ಕೈ ತೊಳೆಯುವಾಗ ಹೊರಗೆ ಇನ್ನೂ ಬೆಳಕಿತ್ತು.

ಹತ್ತರಗಿಯವರು ನಗಲಿಲ್ಲವೇ ಎಂದರೆ, ನಕ್ಕರು. ಆದರೆ ಪಾಯಪ್ಪನವರನ್ನು ನೋಡಿ. ಬೀಗತಿ ತಮ್ಮ ಮಾತು ಕಡಿದರೆಂದು ಪಾಯಪ್ಪನವರಿಗೆ ಅನಿಸಲಿಲ್ಲ. ತಾವೇ ಕರೆದು ಮೈಕು ಕೊಟ್ಟವರಲ್ಲವೇ. ಶ್ರದ್ಧಾ ಮೊದಲ ಸಲ ತವರಿಗೆ ಬಂದಾಗ ಹೇಳಿದಳು, ಆ ಮನೆಯಲ್ಲಿ ಮಾವನವರು ಈಗ ಅಣ್ಣಂದಿರ ನಡುವೆಯೂ ಬಾಯಿ ತೆರೆಯುತ್ತಾರಂತೆ. ಅದು ಮಾತ್ರ ಒಂದಿಷ್ಟು ತೊಂದರೆಯಾಗಿದೆಯಂತೆ.

ಧನಪಾಲಣ್ಣನ ಡಿ.ಜೆ.ಗೆ ಹೆಸರು ಬಂತು. ಹಿರಿಯರ ಮರ್ಯಾದೆ ಕಾಯುವ ಡಿ.ಜೆ. ಎಂದು ಮೂಡಲಗಿ, ಘಟಪ್ರಭಾ, ಹುಕ್ಕೇರಿಯ ಕಡೆಯಿಂದ ವಧುವರರ ತಂದೆಯರು ಹುಡುಕಿಕೊಂಡು ಬರತೊಡಗಿದರು. ಮಿಕ್ಸರ್ ಆರಿಸಿದ ಕಥೆಯನ್ನು ಧನಪಾಲಣ್ಣ ಬಂದವರಿಗೆಲ್ಲ ಹೇಳುತ್ತಿದ್ದರು: ಮೌನ, ತಗ್ಗು, ಸಂಸ್ಕಾರ. ಮೆರವಣಿಗೆ ಹೊತ್ತಿಗೆ ಸರಿಯಾಗಿ ಮುಟ್ಟುವುದು ಹೇಗೆ ಎಂದು ಯಾರಾದರೂ ಕೇಳಿದರೆ, ಅದಕ್ಕೆ ಬೇರೆ ವ್ಯವಸ್ಥೆ ಇದೆ ಎನ್ನುತ್ತಿದ್ದರು.

ವ್ಯವಸ್ಥೆ ಏನೆಂದರೆ, ಮುಂಗಡ ಕೊಟ್ಟು ಹಿರಿಯರು ಚಪ್ಪಲಿ ಮೆಟ್ಟಿದ ಮೇಲೆ ಹುಡುಗರು ಹಿಂದೆ ಉಳಿಯುತ್ತಿದ್ದರು. ಹಿತ್ತಲ ಕಡೆಗೆ ಸುತ್ತು ಹಾಕಿ ಹೋಗಿ, ಬೀಸುವ ಕಲ್ಲಿನ ಮುಂದೆ ಕುಳಿತ ರಾಜಮತಿ ಅಕ್ಕನನ್ನು ಮೆಲ್ಲಗೆ ಕೇಳುತ್ತಿದ್ದರು:

“ಅಕ್ಕಾರ, ಮೆರವಣಿಗಿಗೆ ನೀವೂ ಬರ್ತೀರಲ್ರಿ, ವಾಯರ್ ಸುತ್ತಾಕ?”